ಟಾರ್ ರಸ್ತೆ ಬಿಟ್ಟು ಹುಲ್ಲಿನ ಮೇಲೆ ಓಡಲು ಶುರು ಮಾಡಿದ ಮೇಲೆ ಹಿಮ್ಮಡಿ ಹಿಂದೆ ನೋವು: ಏನು ಮಾಡಲಿ?

ಬನಶಂಕರಿ_ಬೆಳಗು:
ಎಲ್ಲರಿಗೂ ನಮಸ್ಕಾರ. ನಾನು ಮೊದಲಿಂದಲೂ ಬಡಾವಣೆಯ ಟಾರ್, ಕಾಂಕ್ರೀಟ್ ರಸ್ತೆಗಳಲ್ಲೇ ಓಡುತ್ತಿದ್ದವಳು. ಬೇಸಿಗೆಯಲ್ಲಿ ಎರಡೂ ಕಾಲಲ್ಲಿ ಮೊಣಕಾಲಿನ ಕೆಳಗಿನ ಮೂಳೆಯ ಒಳಬದಿಗೆ ನೋವು ಬಂತು. ಶಿನ್ ಸ್ಪ್ಲಿಂಟ್ ಅಂದರು. ಗಟ್ಟಿ ನೆಲ ಬಿಡಿ ಅಂತ ಜೊತೆಗೆ ಓಡುವವರೆಲ್ಲ ಹೇಳಿದ್ದಕ್ಕೆ ಮನೆ ಹತ್ತಿರದ ಕ್ರಿಕೆಟ್ ಮೈದಾನಕ್ಕೆ ಹೋಗುತ್ತಿದ್ದೇನೆ. ಶಿನ್ ನೋವು ತುಂಬಾ ಕಡಿಮೆಯಾಗಿದೆ. ಆದರೆ ಈಗ ಬೆಳಗ್ಗೆ ಹಾಸಿಗೆಯಿಂದ ಇಳಿದ ಕೂಡಲೇ ಬಲಗಾಲಿನ ಹಿಮ್ಮಡಿಯ ಹಿಂದೆ ಹಿಡಿದುಕೊಳ್ಳುತ್ತೆ. ಅಡುಗೆಮನೆಗೆ ಹೋಗುವಷ್ಟರಲ್ಲಿ ಸಡಿಲವಾಗುತ್ತೆ. ಓಡುವಾಗ ಗೊತ್ತೇ ಆಗಲ್ಲ, ಮಾರನೇ ಬೆಳಗ್ಗೆ ಮತ್ತೆ ಅದೇ. ಮೆತ್ತಗಿನ ನೆಲದಲ್ಲಿ ಓಡಿದರೆ ಹೊಸ ನೋವು ಯಾಕೆ ಬರಬೇಕು? ವಾಪಸ್ ರಸ್ತೆಗೆ ಹೋಗಲಾ?

ಕೆರೆ_ಏರಿ:
ಮೇಡಂ, ನಾಲ್ಕು ವಿಷಯ ಹೇಳಿ. ನೋವು ಹಿಮ್ಮಡಿ ಮೂಳೆಗೆ ಅಂಟಿಕೊಂಡಂತೆ ಇದೆಯೋ, ಅದಕ್ಕಿಂತ ಮೇಲೋ? ಮೈದಾನದಲ್ಲಿ ರಸ್ತೆಯಷ್ಟೇ ದೂರ ಓಡುತ್ತೀರಾ? ಯಾವಾಗಲೂ ಒಂದೇ ದಿಕ್ಕಿಗೆ ಸುತ್ತುತ್ತೀರಾ? ಶೂ ಯಾವ ಥರದ್ದು?

ಬನಶಂಕರಿ_ಬೆಳಗು:
ಮೂಳೆಗಿಂತ ಎರಡು ಮೂರು ಬೆರಳಗಲ ಮೇಲೆ, ನರದ ಹಾಗೆ ಸಿಗುತ್ತಲ್ಲ ಅಲ್ಲಿ. ಚಿವುಟಿ ಹಿಡಿದರೆ ನೋವು. ದೂರ ಮೊದಲಿನಷ್ಟೇ. ಬೌಂಡರಿ ಅಂಚಿಗೆ ಎಲ್ಲರೂ ಹೋಗುವ ದಿಕ್ಕಲ್ಲೇ, ಅಂದರೆ ಎಡಗೈ ಮೈದಾನದ ಒಳಗಡೆಗೆ ಬರುವ ಹಾಗೆ ಓಡುತ್ತೇನೆ. ಶೂ ದಪ್ಪ ಕುಶನ್ ಇರುವ ರೋಡ್ ಶೂ.

ಕೆರೆ_ಏರಿ:
ನೀವು ಹೇಳಿದ್ದು ಅಕಿಲಿಸ್ ಸ್ನಾಯುರಜ್ಜು, ಅಂದರೆ ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ದಪ್ಪ ಹುರಿ. ಬೆಳಗ್ಗೆ ಬಿಗಿ, ನಡೆದರೆ ಸಡಿಲ, ಚಿವುಟಿದರೆ ನೋವು ಅಂದರೆ ಬಹುಮಟ್ಟಿಗೆ ಅದಕ್ಕೆ ಕೆಲಸ ಹೆಚ್ಚಾಗಿದೆ ಎಂದೇ ಅರ್ಥ.

ಇನ್ನು ನಿಮ್ಮ 'ಯಾಕೆ'. ಹುಲ್ಲು ನೋವನ್ನು ತೆಗೆದುಹಾಕುತ್ತದೆ ಎಂದು ನಮ್ಮಲ್ಲಿ ತುಂಬ ಜನ ನಂಬಿದ್ದಾರೆ. ಅದು ಹೊರೆಯನ್ನು ಬೇರೆ ಕಡೆಗೆ ಸಾಗಿಸುತ್ತದೆ, ಅಷ್ಟೆ. ನೆಲ ಮೆತ್ತಗಿದ್ದರೆ ಕಾಲು ತಾನಾಗಿ ಬಿಗಿಯಾಗುತ್ತದೆ, ಗಟ್ಟಿಯಿದ್ದರೆ ತಾನಾಗಿ ಸಡಿಲವಾಗುತ್ತದೆ. 1990ರ ದಶಕದ ಕೊನೆಯಲ್ಲಿ ಫೆರಿಸ್, ಫಾರ್ಲಿ ಎಂಬ ಸಂಶೋಧಕರು ಇದನ್ನು ಅಳೆದು ತೋರಿಸಿದರು. ನೆಲ ಬದಲಾದ ಮೊದಲ ಹೆಜ್ಜೆಯಲ್ಲೇ ಓಟಗಾರರ ಕಾಲು ಹೊಂದಿಕೊಳ್ಳುತ್ತದೆ. ಓಡುವಾಗ ಮೈ ಮೇಲಕ್ಕೂ ಕೆಳಕ್ಕೂ ಹೋಗುವ ಪ್ರಮಾಣ ಎರಡೂ ನೆಲದಲ್ಲಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹುಲ್ಲಿನ ಮೆತ್ತೆ ಪೂರ್ತಿ ನಿಮ್ಮ ಮೂಳೆಗೆ ಲಾಭವಾಗಿ ಸಿಗುವುದಿಲ್ಲ.

ಜೊತೆಗೆ ಮೆತ್ತನೆ ನೆಲ ಶಕ್ತಿಯನ್ನು ನುಂಗುತ್ತದೆ. ಟಾರ್ ಮೇಲೆ ಅಕಿಲಿಸ್ ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗಿ ನಿಮ್ಮನ್ನು ಮುಂದಕ್ಕೆ ಎಸೆಯುತ್ತದೆ. ನೆಲವೇ ಕುಸಿದರೆ ಆ ನಷ್ಟವನ್ನು ಮೀನಖಂಡ ತುಂಬಬೇಕು. ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕೆಂದು 1998ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಅಳೆದಿದ್ದಾರೆ. ಹುಲ್ಲು ಅಷ್ಟು ಕಷ್ಟವಲ್ಲ, ಆದರೆ ಮಳೆ ಬಿದ್ದ ಮೈದಾನ ಆ ದಿಕ್ಕಿಗೇ ಹೋಗುತ್ತದೆ. ಹಿಮ್ಮಡಿ ಹೂತಷ್ಟೂ ಅಕಿಲಿಸ್ ಹೆಚ್ಚು ಜಗ್ಗುತ್ತದೆ. ರಸ್ತೆಯ ದೂರವನ್ನು ಪೂರ್ತಿ ಒಂದೇ ಸಲ ಅಲ್ಲಿಗೆ ಒಯ್ದರೆ ಮೊದಲು ಕೂಗುವುದು ಅದೇ.

ಬಲಗಾಲು ಮಾತ್ರ ಏಕೆ? ನೀರು ಹರಿದುಹೋಗಲೆಂದು ಕ್ರಿಕೆಟ್ ಮೈದಾನವನ್ನು ಸಾಮಾನ್ಯವಾಗಿ ಪಿಚ್‌ನಿಂದ ಹೊರಕ್ಕೆ ಇಳಿಜಾರು ಮಾಡಿರುತ್ತಾರೆ. ನೀವು ಸುತ್ತುವ ದಿಕ್ಕಿನಲ್ಲಿ ಬಲಗಾಲು ಪ್ರತಿ ಹೆಜ್ಜೆಗೂ ತಗ್ಗಿನ ಕಡೆಗೆ ಬೀಳುತ್ತದೆ. ಅದರ ಮೇಲೆ ದಪ್ಪ ಕುಶನ್ ಶೂ: ಮೆತ್ತೆಯ ಮೇಲೆ ಮೆತ್ತೆ, ಪಾದ ಅತ್ತಿತ್ತ ವಾಲುತ್ತದೆ.

ರಸ್ತೆಗೆ ಪೂರ್ತಿ ವಾಪಸ್ ಹೋಗಬೇಡಿ, ಶಿನ್ ಮತ್ತೆ ಕೆರಳುತ್ತದೆ. ಒಟ್ಟು ದೂರವನ್ನು ಅರ್ಧಕ್ಕೆ ಇಳಿಸಿ. ವಾರದಲ್ಲಿ ಒಂದೆರಡು ಓಟ ಮಾತ್ರ ಹುಲ್ಲಿನ ಮೇಲೆ, ಅದೂ ನಿಧಾನವಾಗಿ. ಉಳಿದದ್ದು ಗಟ್ಟಿಯಾಗಿ ಒತ್ತಿದ ಮಣ್ಣಿನ ದಾರಿಯಲ್ಲಿ. ದಿಕ್ಕು ಬದಲಿಸುತ್ತಿರಿ. ಮೆಟ್ಟಿಲ ಅಂಚಲ್ಲಿ ನಿಂತು ಎರಡೂ ಕಾಲಲ್ಲಿ ಏರಿ, ನೋವಿರುವ ಕಾಲೊಂದರಲ್ಲೇ ನಿಧಾನವಾಗಿ ಹಿಮ್ಮಡಿ ಇಳಿಸಿ. 15ರಂತೆ 3 ಸುತ್ತು, ದಿನಕ್ಕೆ 2 ಹೊತ್ತು, 12 ವಾರ. ಇದು ಸ್ವೀಡನ್ನಿನ ವೈದ್ಯ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಕ್ರಮದ ಸರಳ ರೂಪ. ನೋವು ಮೂಳೆಗೆ ಅಂಟಿಕೊಂಡ ಜಾಗದಲ್ಲಿದ್ದವರು ಮಾತ್ರ ಮೆಟ್ಟಿಲಿಂದ ಕೆಳಗೆ ಇಳಿಸದೆ ಸಮ ನೆಲದಲ್ಲೇ ಮಾಡಬೇಕು. ಅಳತೆಗೋಲು ಮಾರನೇ ಬೆಳಗಿನ ಬಿಗಿತ: ಹೆಚ್ಚಾದರೆ ಹಿಂದಿನ ದಿನದ ಓಟ ಜಾಸ್ತಿಯಾಯಿತು.

ಮಲ್ಲೇಶ್ವರಂ_ಮಂದಗತಿ:
ಶಿನ್ ಕಡೆಗೂ ಗಮನ ಇರಲಿ ಅಕ್ಕಾ. ಉಳಿದಿರುವ ನೋವು ಅಂಗೈ ಉದ್ದಕ್ಕೆ ಹರಡಿದಂತಿದ್ದರೆ ಅಷ್ಟು ಭಯವಿಲ್ಲ. ಒಂದೇ ಬೆರಳಿಂದ ತೋರಿಸುವಂಥ ಚುಕ್ಕೆಯಲ್ಲಿ ನೋವಿದ್ದು, ಒಂಟಿಕಾಲಲ್ಲಿ ಜಿಗಿದರೆ ಚುಳ್ ಎಂದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಓಟ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಒತ್ತಡದಿಂದ ಮೂಳೆ ಬಿರುಕು ಬಿಟ್ಟಿರಬಹುದು. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು, ಎಂಆರ್‌ಐ ಬೇಕಾಗುತ್ತೆ. ಇದನ್ನು ಹುಲ್ಲಿನ ಮೇಲೆ ಓಡಿ ವಾಸಿ ಮಾಡಿಕೊಳ್ಳೋಕೆ ಆಗಲ್ಲ.

ಜಕ್ಕೂರು_ಕೆಮ್ಮಣ್ಣು:
ಜಾಗದ ಬಗ್ಗೆ ನಾನು ಹೇಳುತ್ತೇನೆ. ಬೆಂಗಳೂರಲ್ಲಿ ನೆಲದ ಸ್ವಭಾವ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮಾರ್ಚ್‌ನಲ್ಲಿ ನೀರು ಹಾಕದ ಮೈದಾನದ ಕೆಂಪು ಮಣ್ಣು ಕಾಂಕ್ರೀಟಿನಷ್ಟು ಗಟ್ಟಿ, ಹುಲ್ಲು ಹೆಸರಿಗಷ್ಟೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದೇ ಮಣ್ಣು ಕೆಸರು. ಓಡಲು ಚೆಂದದ ಕಾಲ ಮಳೆ ನಿಂತು ನೆಲ ಆರಿದ ಮೇಲೆ, ಗರಿಕೆ ಇನ್ನೂ ಹಸಿರಾಗಿರುವಾಗ. ಹೆಬ್ಬೆರಳಿಂದ ನೆಲ ಒತ್ತಿ ನೋಡಿ. ಸ್ವಲ್ಪ ಒಳಕ್ಕೆ ಹೋಗಿ ನಿಂತರೆ ಸರಿ, ನೀರು ಒಸರಿದರೆ ಆ ದಿನ ಬೇಡ.

ಬಡಾವಣೆ ಪಾರ್ಕುಗಳ ವಾಕಿಂಗ್ ಪಾತ್ ಬಹಳಷ್ಟು ಕಡೆ ಇಂಟರ್‌ಲಾಕ್ ಕಲ್ಲು. ಸುತ್ತ ಮರ ಇದ್ದರೂ ಕಾಲಿಗೆ ಅದು ಗಟ್ಟಿ ನೆಲವೇ. ಕಬ್ಬನ್ ಪಾರ್ಕಿನ ಮರಗಳ ನಡುವಿನ ಮಣ್ಣಿನ ದಾರಿ, ಜಕ್ಕೂರು ಕೆರೆ ಏರಿ, ಅಗರ ಕೆರೆಯ ಸುತ್ತಿನ ದಾರಿ ನೋಡಿ. ನಿಮಗೆ ತುರಹಳ್ಳಿ ಕಾಡು ಹತ್ತಿರ. ಆದರೆ ಅಲ್ಲಿ ಬೇರು, ಬಂಡೆ ಜಾಸ್ತಿ, ಅಕಿಲಿಸ್ ಸುಧಾರಿಸುವ ತನಕ ಬೇಡ. ಲಾಲ್‌ಬಾಗ್ ಬಂಡೆಯ ಏರು ಕೂಡ ಈಗ ಬೇಡ, ಏರು ಹತ್ತುವಾಗ ಅಕಿಲಿಸ್ ಇನ್ನೂ ಜಗ್ಗುತ್ತದೆ. ಹುಲ್ಲು ಉದ್ದ ಬೆಳೆದಿದ್ದರೆ ಮೊದಲ ಸುತ್ತು ನಡೆದೇ ಮುಗಿಸಿ, ಗುಂಡಿ ಎಲ್ಲಿದೆ ಗೊತ್ತಾಗುತ್ತೆ. ಕಾಂಗ್ರೆಸ್ ಗಿಡ ಹೂ ಬಿಟ್ಟ ಕಡೆ ಉಬ್ಬಸ ಇರುವವರು ಹೋಗಲೇಬಾರದು.

ಬನಶಂಕರಿ_ಬೆಳಗು:
ತುಂಬಾ ಧನ್ಯವಾದ. ಒಂಟಿಕಾಲಲ್ಲಿ ಜಿಗಿದು ನೋಡಿದೆ, ಶಿನ್‌ನಲ್ಲಿ ಚುಕ್ಕೆ ನೋವು ಇಲ್ಲ. ಮೆಟ್ಟಿಲ ವ್ಯಾಯಾಮ ಶುರು ಮಾಡಿದ್ದೇನೆ. ಇನ್ನೊಂದು ಕೇಳಬೇಕಿತ್ತು. ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಿದರೆ ಪಾದ ಗಟ್ಟಿಯಾಗುತ್ತೆ ಅಂತಾರೆ, ಮಾಡಬಹುದಾ?

ಕೆರೆ_ಏರಿ:
ಈಗಲೇ ಬೇಡ. ಬರಿಗಾಲಲ್ಲಿ ಹೆಚ್ಚಿನವರು ಮುಂಪಾದದ ಮೇಲೆ ಇಳಿಯುತ್ತಾರೆ, ಹೊರೆ ಮತ್ತೆ ಅಕಿಲಿಸ್ ಮೇಲೆಯೇ. ಬೆಳಗಿನ ಬಿಗಿತ ಪೂರ್ತಿ ಹೋದ ಮೇಲೆ, ಓಟ ಮುಗಿಸಿದ ಬಳಿಕ ಐದು ನಿಮಿಷ ಬರಿಗಾಲಲ್ಲಿ ನಡೆಯುವುದರಿಂದ ಶುರು ಮಾಡಿ. ಅದಕ್ಕೂ ಮೊದಲು ಟೆಟನಸ್ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ನೋಡಿಕೊಳ್ಳಿ. ನೆಗ್ಗಿಲ ಮುಳ್ಳು, ಒಡೆದ ಬಾಟಲಿ ಚೂರು ನಮ್ಮ ಮೈದಾನಗಳಲ್ಲಿ ಸಾಮಾನ್ಯ. ನಾಯಿಗಳು ಓಡಾಡುವ ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ, ಮಳೆಗಾಲದಲ್ಲಂತೂ ಶೂ ಬಿಚ್ಚಲೇಬೇಡಿ.