ಸಹಾಯ ಬೇಕು: ಕಾಯಿಸಿದಾಗ ಕದಡುವ ವಿಟಮಿನ್ ಡಿ3 ಡ್ರಾಪ್ಸ್

ಎಲ್ಲರಿಗೂ ನಮಸ್ಕಾರ. ಎಂ.ಫಾರ್ಮ್ ಪ್ರಾಜೆಕ್ಟಿಗೆ ಮಕ್ಕಳ ವಿಟಮಿನ್ ಡಿ3 ಡ್ರಾಪ್ಸ್ ಮಾಡ್ತಿದ್ದೇನೆ. ವಿಟಮಿನ್ನನ್ನು ನೀರಿನಲ್ಲಿ ಕರಗಿಸೋಕೆ ಪಾಲಿಸಾರ್ಬೇಟ್ 80 ಹಾಕಿದರೆ ದ್ರಾವಣ ತಿಳಿಯಾಗಿಯೇ ಇರುತ್ತೆ. ಆಮ್ಲೀಯತೆ ಸ್ಥಿರವಾಗಿಡೋ ಸಿಟ್ರೇಟ್ ಬಫರ್, ಸಿಹಿಯಾದ ಸಾರ್ಬಿಟಾಲ್ ಸೇರಿಸಿ ಕಾಯಿಸಿದಾಗ ಮಾತ್ರ 80 ಡಿಗ್ರಿ ದಾಟುತ್ತಿದ್ದಂತೆ ಬೆಳ್ಳಗೆ ಕದಡುತ್ತದೆ, ಆರಿದ ಮೇಲೆ ಮತ್ತೆ ತಿಳಿ. ಬಫರಿನ ಲವಣದಿಂದ ಕ್ಲೌಡ್ ಪಾಯಿಂಟ್ (ದ್ರಾವಣ ಕದಡಲು ಶುರುವಾಗೋ ತಾಪಮಾನ) ಇಳಿದಿದೆ ಅನ್ನೋದು ಸ್ಪಷ್ಟ. ಪ್ರೊಪಿಲೀನ್ ಗ್ಲೈಕಾಲ್ ಅನ್ನೋ ದ್ರಾವಕ ಹಾಕಿದರೆ ಏರಬಹುದು, ಆದರೆ ಹಸುಗೂಸುಗಳಿಗೆ ಕೊಡೋ ಔಷಧಕ್ಕೆ ಅದನ್ನು ಸುರಿಯಲು ಮನಸ್ಸಿಲ್ಲ. ಬಫರ್ ಕಡಿಮೆ ಮಾಡಿದರೆ ಸಾಕೇ?

ಇದಕ್ಕಿಂತ ಹೆಚ್ಚು ಕಾಡ್ತಿರೋದು ಕೆಡದಂತೆ ಹಾಕೋ ಸಂರಕ್ಷಕ ಮೀಥೈಲ್‌ಪ್ಯಾರಾಬೆನ್. ಅದರ ದೊಡ್ಡ ಪಾಲು ಪಾಲಿಸಾರ್ಬೇಟ್ ಅಣುಗಳು ಗುಂಪುಗೂಡಿ ಆಗೋ ಸೂಕ್ಷ್ಮ ಉಂಡೆಗಳಾದ ಮೈಸೆಲ್‌ಗಳೊಳಗೆ ಸೇರಿಕೊಂಡರೆ, ಸೂಕ್ಷ್ಮಾಣುಗಳನ್ನು ತಡೆಯಲು ನೀರಿನಲ್ಲಿ ಉಳಿಯೋದೆಷ್ಟು? ಎಚ್‌ಪಿಎಲ್‌ಸಿ (ಘಟಕಗಳನ್ನು ಬೇರ್ಪಡಿಸಿ ಅಳೆಯೋ ವಿಧಾನ) ಒಟ್ಟು ಪ್ರಮಾಣವನ್ನಷ್ಟೇ ತೋರಿಸುತ್ತೆ. ಡಯಾಲಿಸಿಸ್ (ಪೊರೆಯ ಮೂಲಕ ಬೇರ್ಪಡಿಸೋದು) ಮಾಡಿ, ಮೈಸೆಲ್ ಸೇರದೆ ನೀರಿನಲ್ಲಿ ಉಳಿದ ಪ್ಯಾರಾಬೆನ್ ಅಳೆದವರು ಯಾವ ಪೊರೆ ಬಳಸಿದಿರಿ, ಎಷ್ಟು ಹೊತ್ತು ಬಿಟ್ಟಿರಿ ಅಂತ ದಯವಿಟ್ಟು ತಿಳಿಸಿ.