ಆಪರೇಷನ್ ಆದ ಮೇಲೆ ಸಿಇಎ ಮತ್ತೆ ಏರಿದೆ, ಕ್ಯಾನ್ಸರ್ ವಾಪಸ್ ಬಂತಾ?

ಪ್ರಶ್ನೆ: ಅಪ್ಪನಿಗೆ ಹೊಟ್ಟೆ ಕ್ಯಾನ್ಸರ್ ಆಪರೇಷನ್ ಆಗಿ ಆರು ತಿಂಗಳಾಯ್ತು. ಮುಂಚೆ ಸಿಇಎ (ಕ್ಯಾನ್ಸರ್ ಸುಳಿವಿಗಾಗಿ ರಕ್ತದಲ್ಲಿ ನೋಡುವ ಮಾರ್ಕರ್) 14 ಇತ್ತು, ಆಮೇಲೆ 3ಕ್ಕೆ ಇಳಿದಿತ್ತು, ಈಗ 5.8. ರಿಪೋರ್ಟಿನಲ್ಲಿ ಪಕ್ಕದಲ್ಲೇ ದಪ್ಪಕ್ಷರದಲ್ಲಿ 'ಹೈ' ಅಂತ ಹಾಕಿದ್ದಾರೆ. ನಿನ್ನೆಯಿಂದ ನಿದ್ದೆ ಇಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಉತ್ತರ 1: ಒಂದು ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ಸಾಮಾನ್ಯ ಮಿತಿ 5 ಅಂತ ಇಟ್ಟುಕೊಂಡರೂ ಸಿಗರೇಟು ಸೇದುವವರಲ್ಲಿ, ಲಿವರ್ ತೊಂದರೆ ಇರುವವರಲ್ಲಿ, ಕೆಲವೊಮ್ಮೆ ಕೀಮೋ ನಡೆಯುವಾಗಲೂ ಇದು ಸ್ವಲ್ಪ ಮೇಲಿರುತ್ತದೆ. ಅದೇ ಲ್ಯಾಬಿನಲ್ಲೇ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿ, ಯಾಕಂದ್ರೆ ಲ್ಯಾಬ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಸತತವಾಗಿ ಏರುತ್ತಾ ಹೋದರೆ ಡಾಕ್ಟರ್ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ಉತ್ತರ 2: ನನಗೂ ಇದೇ ಆಪರೇಷನ್ ಆಗಿದೆ. ಮುಂದೇನು ಅನ್ನೋದನ್ನು ಮುಖ್ಯವಾಗಿ ಹೇಳುವುದು ರಕ್ತವಲ್ಲ, ಆಪರೇಷನ್‌ನಲ್ಲಿ ತೆಗೆದ ಭಾಗದ ಬಯಾಪ್ಸಿ ರಿಪೋರ್ಟು. ಗಡ್ಡೆ ಹೊಟ್ಟೆಯ ಗೋಡೆಯೊಳಗೆ ಎಷ್ಟು ಆಳಕ್ಕೆ ಇಳಿದಿತ್ತು, ಎಷ್ಟು ಲಿಂಫ್ ಗಂಟುಗಳಲ್ಲಿ ಸಿಕ್ಕಿತು, ಕತ್ತರಿಸಿದ ಅಂಚು ಕ್ಲೀನ್ ಇತ್ತಾ ಅಂತ ಅದರಲ್ಲಿ ನೋಡಿ. ಆಪರೇಷನ್‌ಗೆ ಮುಂಚೆ ಮಾರ್ಕರ್ ತುಂಬಾ ಜಾಸ್ತಿ ಇದ್ದವರಿಗೆ ಅಪಾಯ ಸ್ವಲ್ಪ ಹೆಚ್ಚು, ಅದು ನಿಜ. ಆದರೆ ಮಾರ್ಕರ್ ನಾರ್ಮಲ್ ಇದ್ದೂ ಕಾಯಿಲೆ ಮರಳಿದವರಿದ್ದಾರೆ. ಸಿಎ 19-9 ಅನ್ನೋ ಇನ್ನೊಂದು ಮಾರ್ಕರ್ ಅಂತೂ ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ತಯಾರಾಗುವುದಿಲ್ಲ, ಅಂಥವರಿಗೆ ಆ ಟೆಸ್ಟು ಸುಮ್ನೆ ದಂಡ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಇವತ್ತು ಅಪ್ಪನ ಶರ್ಟ್ ಜೇಬಲ್ಲಿ ಬೆಂಕಿಪೊಟ್ಟಣ ಸಿಕ್ತು! ಬಿಟ್ಟಿದ್ದೀನಿ ಅಂತ ಸುಳ್ಳು ಹೇಳಿದ್ದಾರೆ.

ಉತ್ತರ 1: ಅದನ್ನೂ ಡಾಕ್ಟರಿಗೆ ಹೇಳಿ. ಹಾಗಂತ ಮರುಪರೀಕ್ಷೆ ಮಾತ್ರ ತಪ್ಪಿಸಬೇಡಿ.