ಡ್ರಾಫ್ಟ್‌ನಲ್ಲಿ ಹೆಸರೇ ಬಾರದ ಕರ್ಟ್ ವಾರ್ನರ್: ಇದು ಅದೃಷ್ಟವೋ, ಅಭ್ಯಾಸವೋ?

ಬಿಜೈ ಮಾವ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ಸೇಂಟ್ ಲೂಯಿಸ್‌ನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯ ಈಗ ರಜೆಯಲ್ಲಿ ಊರಿಗೆ ಬಂದಿದ್ದಾನೆ. ಮೊನ್ನೆ ರಾತ್ರಿ ಊಟವಾದ ಮೇಲೆ ಚಾವಡಿಯಲ್ಲಿ ಕುಳಿತು ಅವನು ಅಮೆರಿಕನ್ ಫುಟ್‌ಬಾಲ್ ಆಟಗಾರ ಕರ್ಟ್ ವಾರ್ನರ್ ಅವರ ಕಥೆಯನ್ನು ಹೇಳಿದ. ಕಿರಾಣಿ ಮಳಿಗೆಯಲ್ಲಿ ಸಾಮಾನು ಜೋಡಿಸುತ್ತಿದ್ದ ವ್ಯಕ್ತಿ 28ನೆಯ ವಯಸ್ಸಿನಲ್ಲಿ ಅಲ್ಲಿಯ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ಅತ್ಯುತ್ತಮ ಆಟಗಾರರಾದರಂತೆ. ಇಷ್ಟು ಹೇಳಿದವನೇ, "ಮಾವ, ಇದೆಲ್ಲ ಬರೀ ಅದೃಷ್ಟ, ಇನ್ನೊಬ್ಬನ ಮೊಣಕಾಲು ಮುರಿಯದಿದ್ದರೆ ಈ ಹೆಸರು ಯಾರಿಗೂ ಗೊತ್ತಾಗುತ್ತಿರಲಿಲ್ಲ" ಎಂದು ಮುಗಿಸಿಬಿಟ್ಟ.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಅದಕ್ಕೆ ಸ್ವಂತದ ಕಾರಣವೂ ಇದೆಯೆಂದು ಒಪ್ಪಿಕೊಳ್ಳುತ್ತೇನೆ. ಪ್ರಾಯದಲ್ಲಿ ನಾನು ನೆಹರೂ ಮೈದಾನದಲ್ಲಿ ಆಡುತ್ತಿದ್ದ ಒಂದು ಫುಟ್‌ಬಾಲ್ ತಂಡದ ಎರಡನೆಯ ಗೋಲ್‌ಕೀಪರ್ ಆಗಿದ್ದೆ. ಆ ಮೂರು ವರ್ಷಗಳಲ್ಲಿ ಮೊದಲನೆಯ ಗೋಲ್‌ಕೀಪರ್‌ಗೆ ಒಂದು ನೆಗಡಿ ಕೂಡ ಆಗಲಿಲ್ಲ! ಅಮೆರಿಕದ ಆಟ ನಮ್ಮ ಕಾಲ್ಚೆಂಡಲ್ಲ, ಕೈಯಿಂದ ಎಸೆದು ಆಡುವಂಥದ್ದು ಎಂಬುದಷ್ಟೇ ನನಗೆ ಗೊತ್ತು. ಅಷ್ಟು ವರ್ಷ ಹೊರಗಿದ್ದವರು ಒಮ್ಮೆಲೇ ಆ ಮಟ್ಟದಲ್ಲಿ ಆಡಲು ಹೇಗೆ ಸಾಧ್ಯವಾಯಿತು? ಬಲ್ಲವರು ವಿವರಿಸಿದರೆ ಅಳಿಯನಿಗೆ ಉತ್ತರ ಕೊಡಬಹುದು.

ಅಜ್ಜರಕಾಡು ಓದುಗ (ಉಡುಪಿ)

ಮಾನ್ಯರೇ, ನಿಮ್ಮ ಅಳಿಯ ಹೇಳಿದ ಘಟನೆ ನಿಜ, ಆದರೆ ಅವರು ಕಥೆಯನ್ನು ನಡುವಿನಿಂದ ಆರಂಭಿಸಿದ್ದಾರೆ.

ವಾರ್ನರ್ ಅಯೋವಾ ರಾಜ್ಯದವರು. ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದ ತಂಡದಲ್ಲಿಯೂ ಅವರು ಬಹುಕಾಲ ಕಾಯಬೇಕಾಯಿತು; ಮುಖ್ಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ಆಕ್ರಮಣವನ್ನು ನಡೆಸುವವರು) ಆಗಿ ಆಡಲು ಸಿಕ್ಕಿದ್ದು ಕೊನೆಯ ವರ್ಷವಾದ 1993ರಲ್ಲಿ ಮಾತ್ರ. ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 1994ರಲ್ಲಿ ಏಳು ಸುತ್ತುಗಳಿದ್ದವು. ಏಳರಲ್ಲಿ ಒಂದರಲ್ಲಿಯೂ ಅವರ ಹೆಸರು ಬರಲಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ತಂಡ ಶಿಬಿರಕ್ಕೆ ಕರೆಯಿತಾದರೂ ಅಲ್ಲಿ ಬ್ರೆಟ್ ಫಾರ್ವ್ ಮೊದಲಾದ ಕ್ವಾರ್ಟರ್‌ಬ್ಯಾಕ್‌ಗಳು ಆಗಲೇ ಇದ್ದುದರಿಂದ ಋತು ಆರಂಭವಾಗುವ ಮೊದಲೇ ಕೈಬಿಟ್ಟಿತು. ಸೀಡರ್ ಫಾಲ್ಸ್ ಪಟ್ಟಣದ ಹೈ-ವೀ ಮಳಿಗೆಯಲ್ಲಿ ಗಂಟೆಗೆ 5.50 ಡಾಲರ್ ಕೂಲಿಗೆ ಅವರು ಕಪಾಟು ತುಂಬಿಸುತ್ತಿದ್ದುದು ಆ ಬಳಿಕದ ದಿನಗಳಲ್ಲಿ.

ಎಲ್ಲರೂ ಮಳಿಗೆಯ ಕಥೆಯನ್ನು ಹೇಳಿ, ಅದರ ಮುಂದಿನ ಮೂರು ವರ್ಷಗಳನ್ನು ದಾಟಿಬಿಡುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಆ ಮೂರು ವರ್ಷಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. 1995ರಿಂದ 1997ರವರೆಗೆ ಅವರು ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಎಂಬ ತಂಡಕ್ಕೆ ಅರೀನಾ ಫುಟ್‌ಬಾಲ್ ಆಡಿದರು. ಇದು ಒಳಾಂಗಣದ ಆಟ. ಎನ್‌ಎಫ್‌ಎಲ್ ಅಂಕಣ ಗೋಲ್ ಗೆರೆಯಿಂದ ಗೋಲ್ ಗೆರೆಗೆ 100 ಗಜವಿದ್ದರೆ ಇಲ್ಲಿ 50 ಗಜ, ತಂಡದಲ್ಲಿ ಹನ್ನೊಂದರ ಬದಲು ಎಂಟು ಮಂದಿ. ಅಷ್ಟು ಕಿರಿದಾದ ಜಾಗದಲ್ಲಿ ಎದುರಾಳಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮೈಮೇಲೆ ಬೀಳುವುದರಿಂದ, ಚೆಂಡು ಹಿಡಿದುಕೊಂಡು ಯೋಚಿಸುತ್ತ ನಿಲ್ಲುವ ಕ್ವಾರ್ಟರ್‌ಬ್ಯಾಕ್‌ಗೆ ಉಳಿಗಾಲವಿಲ್ಲ. ಕಂಡೊಡನೆ ನಿರ್ಧರಿಸಿ, ನಿರ್ಧರಿಸಿದೊಡನೆ ಎಸೆಯಲೇಬೇಕು. 1998ರ ವಸಂತದಲ್ಲಿ ಎನ್‌ಎಫ್‌ಎಲ್ ಯುರೋಪ್‌ನ ಆಮ್‌ಸ್ಟರ್‌ಡ್ಯಾಮ್ ತಂಡಕ್ಕೆ ಆಡಿದಾಗ ಆ ಲೀಗಿನಲ್ಲಿ ಅತಿ ಹೆಚ್ಚು ಗಜಗಳನ್ನೂ (ಎಸೆತದಿಂದ ತಂಡ ಮುಂದೆ ಸಾಗಿದ ದೂರ) ಟಚ್‌ಡೌನ್‌ಗಳನ್ನೂ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಅಂಕ ಗಳಿಸುವುದು) ಎಸೆದವರು ಅವರೇ. ಆ ವರ್ಷವೇ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡವನ್ನು ಸೇರಿದರು, ಅದೂ ಮೂರನೆಯ ಕ್ವಾರ್ಟರ್‌ಬ್ಯಾಕ್ ಆಗಿ.

1999ರ ಆಗಸ್ಟಿನಲ್ಲಿ, ಋತುಪೂರ್ವ ಪಂದ್ಯವೊಂದರಲ್ಲಿ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಅವರ ಮೊಣಕಾಲಿನ ಅಸ್ಥಿರಜ್ಜು ಹರಿದಾಗ ವಾರ್ನರ್‌ಗೆ ಸ್ಥಾನ ತೆರವಾಯಿತು. ಆಗ ರ‍್ಯಾಮ್ಸ್‌ನ ಆಕ್ರಮಣ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಮೈಕ್ ಮಾರ್ಟ್ಸ್. ಚೆಂಡು ಹಿಡಿಯುವವನು ತಿರುಗಿ ನೋಡುವ ಮೊದಲೇ ಅವನು ತಲುಪಲಿರುವ ಜಾಗಕ್ಕೆ ಚೆಂಡು ಹೊರಟಿರಬೇಕು ಎಂಬುದು ಅವರ ಪದ್ಧತಿ. ಬೇರೆಯವರಿಗೆ ಕಷ್ಟವಾಗುತ್ತಿದ್ದ ಆ ವೇಗ ಅರೀನಾದಲ್ಲಿ ಪಳಗಿದ ಕೈಗೆ ಹೊಸದಾಗಿರಲಿಲ್ಲ. ಮೊದಲ ಮೂರು ಪಂದ್ಯಗಳಲ್ಲಿ ಮೂರು ಮೂರು ಟಚ್‌ಡೌನ್, ನಾಲ್ಕನೆಯದರಲ್ಲಿ ಐದು, ಇಡೀ ಋತುವಿನಲ್ಲಿ 41 ಟಚ್‌ಡೌನ್ ಮತ್ತು 4,353 ಗಜ. ಹಿಂದಿನ ವರ್ಷ ಕೇವಲ ನಾಲ್ಕು ಪಂದ್ಯ ಗೆದ್ದಿದ್ದ ತಂಡ ಆ ವರ್ಷ 13 ಗೆದ್ದಿತು. 2000ದ ಜನವರಿಯಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗಿನ ಅಂತಿಮ ಪಂದ್ಯದಲ್ಲಿ, ಟೆನ್ನೆಸ್ಸೀ ಟೈಟನ್ಸ್ ವಿರುದ್ಧ 23–16ರ ಜಯ. ಆ ದಿನ ಅವರು ಎಸೆದ 414 ಗಜಗಳ ಸೂಪರ್ ಬೌಲ್ ದಾಖಲೆ 2017ರವರೆಗೆ ಉಳಿಯಿತು.

ಮಣಿಪಾಲದಿಂದ

ಮೇಲಿನವರು ಅರೀನಾ ಆಟದ ಬಗ್ಗೆ ಬರೆದದ್ದು ಸರಿಯಾಗಿದೆ, ಆದರೆ ಅಳಿಯನ ಪಕ್ಷದಲ್ಲಿಯೂ ಯಾರಾದರೂ ಮಾತನಾಡಬೇಕಲ್ಲವೇ?

ವಾರ್ನರ್ ಕಾಲಿಟ್ಟ ತಂಡದಲ್ಲಿ ಯಾರಿದ್ದರೆಂದು ನೋಡಿ. 1997ರ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆಯಾಗಿದ್ದ ಒರ್ಲ್ಯಾಂಡೊ ಪೇಸ್ ಅವರಿಗೆ ಕಾವಲಾಗಿ ಮುಂದೆ ನಿಲ್ಲುತ್ತಿದ್ದರು. ಚೆಂಡು ಹಿಡಿಯಲು ಐಸಾಕ್ ಬ್ರೂಸ್ ಮತ್ತು ಟೋರಿ ಹೋಲ್ಟ್ ಇದ್ದರು. ಅದೇ ವರ್ಷ ಇಂಡಿಯಾನಾಪೊಲಿಸ್‌ನಿಂದ ಬಂದಿದ್ದ ಮಾರ್ಷಲ್ ಫಾಕ್ ಓಡಿಯೂ ಸಾವಿರ ಗಜ, ಚೆಂಡು ಹಿಡಿದೂ ಸಾವಿರ ಗಜ ದಾಟಿ ಒಟ್ಟು 2,429 ಗಜಗಳ ಅಂದಿನ ದಾಖಲೆ ಬರೆದರು. ಈ ಪಂಕ್ತಿಯಲ್ಲಿ ಎಲೆ ಹಾಕಿ ಕುಳಿತವನಿಗೆ ಬಡಿಸುವುದಕ್ಕೆ ಏನೂ ಕಡಮೆಯಿರಲಿಲ್ಲ.

ಇನ್ನೊಂದು ಸಂಗತಿ. 1999ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಮರಳಿ ಕಟ್ಟಲ್ಪಟ್ಟಾಗ, ಬೇರೆ ತಂಡಗಳು ಬಿಟ್ಟುಕೊಟ್ಟ ಆಟಗಾರರ ಪಟ್ಟಿಯಿಂದ ಆರಿಸಿಕೊಳ್ಳುವ ಅವಕಾಶ ಅದಕ್ಕಿತ್ತು. ರ‍್ಯಾಮ್ಸ್ ಬಿಟ್ಟುಕೊಟ್ಟವರ ಪಟ್ಟಿಯಲ್ಲಿ ವಾರ್ನರ್ ಇದ್ದರು. ಬ್ರೌನ್ಸ್ ಅವರನ್ನು ಆರಿಸಲಿಲ್ಲ. ಆರಿಸಿದ್ದರೆ, ಆಗ ತಾನೇ ಹುಟ್ಟಿದ ದುರ್ಬಲ ತಂಡದಲ್ಲಿ ಅದೇ ಕೈ, ಅದೇ ಅಭ್ಯಾಸ ಏನು ಮಾಡುತ್ತಿತ್ತು? ಅಭ್ಯಾಸವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅರೀನಾದಲ್ಲಿ ಚೆನ್ನಾಗಿ ಎಸೆದು ಅಲ್ಲಿಯೇ ಉಳಿದುಹೋದವರ ಕಥೆಯನ್ನು ಯಾರೂ ಚಾವಡಿಯಲ್ಲಿ ಕುಳಿತು ಹೇಳುವುದಿಲ್ಲ.

ಚೌಕಿಮನೆ (ಉಡುಪಿ)

ಮೇಳದ ಪ್ರಧಾನ ವೇಷಧಾರಿಗೆ ಜ್ವರ ಬಂದ ರಾತ್ರಿ ಬೇರೊಬ್ಬರು ಆ ವೇಷ ಕಟ್ಟಿ ರಂಗಕ್ಕೆ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಆ ಒಂದು ರಾತ್ರಿ ಚಪ್ಪಾಳೆ ಬಿದ್ದರೆ ಅದು ಅದೃಷ್ಟವೆಂದು ವಾದಿಸಬಹುದು. ಮರುವರ್ಷ ಇನ್ನೊಂದು ಮೇಳದಲ್ಲಿ, ಬೇರೆ ಹಿಮ್ಮೇಳದೊಂದಿಗೆ ಅದೇ ವೇಷ ನಿಂತಿತೋ ಎಂಬುದನ್ನು ನೋಡಬೇಕು. ಆದ್ದರಿಂದ 1999ನ್ನು ಬದಿಗಿಟ್ಟು ವಾರ್ನರ್ ಅವರ ಎರಡನೆಯ ಏಳಿಗೆಯ ಕಡೆಗೆ ಗಮನ ಸೆಳೆಯುತ್ತೇನೆ.

2001ರಲ್ಲಿ ಅವರು ಮತ್ತೊಮ್ಮೆ ಅತ್ಯುತ್ತಮ ಆಟಗಾರರೆನಿಸಿದರೂ, ಆ ಋತುವಿನ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು ತಂಡ ಸೋತಿತು. ಅಲ್ಲಿಂದ ಇಳಿಜಾರು. 2002ರಲ್ಲಿ ಎಸೆಯುವ ಕೈಯ ಬೆರಳು ಮುರಿಯಿತು. ಅವರು ಆರಂಭಿಸಿದ ಆರು ಪಂದ್ಯಗಳಲ್ಲಿ ಒಂದನ್ನೂ ತಂಡ ಗೆಲ್ಲಲಿಲ್ಲ. 2003ರ ಮೊದಲ ಪಂದ್ಯದಲ್ಲಿ ಆರು ಬಾರಿ ಚೆಂಡು ಕೈಜಾರಿ, ಸ್ಥಾನ ಮಾರ್ಕ್ ಬಲ್ಜರ್ ಪಾಲಾಯಿತು. 2004ರಲ್ಲಿ ರ‍್ಯಾಮ್ಸ್ ಬಿಡುಗಡೆ ಮಾಡಿತು. ನ್ಯೂಯಾರ್ಕ್ ಜೈಂಟ್ಸ್‌ನಲ್ಲಿ ಒಂಬತ್ತು ಪಂದ್ಯಗಳಾಗುವಷ್ಟರಲ್ಲಿ ಯುವಕ ಈಲೈ ಮ್ಯಾನಿಂಗ್‌ಗೆ ಜಾಗ ಬಿಡಬೇಕಾಯಿತು. 2005ರಲ್ಲಿ ಅರಿಜೋನಾ ಕಾರ್ಡಿನಲ್ಸ್ ಸೇರಿದರೆ, ಮರುವರ್ಷ ಅಲ್ಲಿಯೂ ಮ್ಯಾಟ್ ಲೈನಾರ್ಟ್ ಎಂಬ ಹೊಸಬರನ್ನು ಡ್ರಾಫ್ಟ್‌ನ ಹತ್ತನೆಯ ಆಯ್ಕೆಯಾಗಿ ತಂದರು.

2007ರಲ್ಲಿ ಲೈನಾರ್ಟ್ ಕೊರಳೆಲುಬು ಮುರಿದುಕೊಂಡದ್ದರಿಂದ ಮತ್ತೆ ಅವಕಾಶ ಬಂತು ಎಂದು ಮಣಿಪಾಲದವರು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. ಆದರೆ 2008ರಲ್ಲಿ ಲೈನಾರ್ಟ್ ಗುಣಮುಖರಾಗಿ ಮರಳಿದ್ದರು. ಆಗಲೂ ತರಬೇತುದಾರ ಕೆನ್ ವಿಸೆನ್‌ಹಂಟ್ ಆರಿಸಿದ್ದು 37 ವರ್ಷದ ವಾರ್ನರ್ ಅವರನ್ನು. ಯಾರ ಮೊಣಕಾಲೂ ಮುರಿಯದೆ ಸಿಕ್ಕಿದ ಸ್ಥಾನವದು. ಅದುವರೆಗೆ ಒಮ್ಮೆಯೂ ಸೂಪರ್ ಬೌಲ್ ಕಂಡಿರದ ಕಾರ್ಡಿನಲ್ಸ್ ಆ ಋತುವಿನಲ್ಲಿ ಅಲ್ಲಿಗೆ ತಲುಪಿ, ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ ಪಂದ್ಯದ ಕೊನೆಯ ನಿಮಿಷದವರೆಗೂ ಮುಂದಿದ್ದು 27–23ರಿಂದ ಸೋತಿತು. ಫಾಕ್ ಇಲ್ಲ, ಪೇಸ್ ಇಲ್ಲ, ಮಾರ್ಟ್ಸ್ ಇಲ್ಲ.

ಮಣಿಪಾಲದಿಂದ

2008ರ ಮಾತನ್ನು ಒಪ್ಪಿದೆ. ಅಲ್ಲಿಯೂ ಚೆಂಡು ಹಿಡಿಯಲು ಲ್ಯಾರಿ ಫಿಟ್ಜ್‌ಜೆರಾಲ್ಡ್ ಇದ್ದರು ಎಂಬುದನ್ನಷ್ಟೇ ದಾಖಲಿಸುತ್ತೇನೆ.

ಬಿಜೈ ಮಾವ (ಮಂಗಳೂರು)

ಎಲ್ಲರಿಗೂ ಕೃತಜ್ಞತೆಗಳು. ಮೂವರ ಉತ್ತರಗಳನ್ನೂ ಅಳಿಯನಿಗೆ ಓದಿಸಿದೆ. ಅರೀನಾ ಅಂಕಣದ ಅಳತೆಯನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಬ್ರೌನ್ಸ್ ವಿಷಯ ಬಂದಾಗ ಮಾತ್ರ "ನೋಡಿ" ಎಂದು ನನ್ನ ಕಡೆ ಬೆರಳು ತೋರಿಸಿದ. ಆ ಸೋಲಿನ ನಂತರ ಅವರು ನಿವೃತ್ತರಾದರೇ?

ಅಜ್ಜರಕಾಡು ಓದುಗ (ಉಡುಪಿ)

ಇಲ್ಲ, ಇನ್ನೊಂದು ಋತು ಆಡಿದರು. 2010ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ವಿರುದ್ಧದ ಪಂದ್ಯದಲ್ಲಿ ಜೋರಾದ ಹೊಡೆತ ತಿಂದು, ತಂಡವೂ ಸೋತು, ಅದೇ ತಿಂಗಳ ಕೊನೆಯಲ್ಲಿ ನಿವೃತ್ತಿ ಘೋಷಿಸಿದರು. 2017ರಲ್ಲಿ ಎನ್‌ಎಫ್‌ಎಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಸೇರಿದರು. ಅರೀನಾ ಫುಟ್‌ಬಾಲ್‌ನವರ ಹಾಲ್ ಆಫ್ ಫೇಮ್‌ನಲ್ಲಿಯೂ ಅವರ ಹೆಸರಿದೆ.

ಅಳಿಯನಿಗೆ ತೋರಿಸುವುದಾದರೆ ಸೇಂಟ್ಸ್ ಪಂದ್ಯಕ್ಕಿಂತ ಅದರ ಹಿಂದಿನ ವಾರದ್ದನ್ನು ತೋರಿಸಿ. ಹೆಚ್ಚುವರಿ ಅವಧಿಯಲ್ಲಿ 51–45ರಿಂದ ಗೆದ್ದ ಆ ಪಂದ್ಯದಲ್ಲಿ ಅವರು ಎಸೆದ 33ರಲ್ಲಿ ಗುರಿ ತಪ್ಪಿದ್ದು ನಾಲ್ಕು, ಟಚ್‌ಡೌನ್ ಆದದ್ದು ಐದು. ಅದು ಅವರ ವೃತ್ತಿಜೀವನದ ಕೊನೆಯ ಗೆಲುವು. ಎದುರಾಳಿ ತಂಡ ಗ್ರೀನ್ ಬೇ ಪ್ಯಾಕರ್ಸ್.